ನಾಲ್ಕು ಜಾಗಕ್ಕೂ ಸಲ್ಲುವವನಿಗೆ ಸ್ವಂತ ಜಾಗ ಯಾಕಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾಗ ದಿನಾ ಸಂಜೆ ಟಿವಿಯಲ್ಲಿ ಬೇಸ್‌ಬಾಲ್ ನೋಡುತ್ತಿದ್ದೆ. ಒಬ್ಬ ಆಟಗಾರ ಒಂದು ದಿನ ಸೆಕೆಂಡ್ ಬೇಸ್ ಹತ್ತಿರ ನಿಂತಿದ್ದ, ಮರುದಿನ ಥರ್ಡ್ ಬೇಸ್ ಹತ್ತಿರ. ಆಮೇಲೆ ಮೂರು ದಿನ ಬೆಂಚಿನಲ್ಲೇ ಕೂತಿದ್ದ. ಅವನು 'ಯುಟಿಲಿಟಿ ಇನ್‌ಫೀಲ್ಡರ್' ಎಂದು ಮಗ ಹೇಳಿದ. ಯಾವ ಜಾಗದಲ್ಲೂ ಖಾಯಂ ಆಗದವನನ್ನು ತಂಡ ಸಂಬಳ ಕೊಟ್ಟು ಯಾಕೆ ಇಟ್ಟುಕೊಳ್ಳುತ್ತದೆ? ಅಂಥವನ ವೃತ್ತಿಜೀವನ ಹೇಗೆ ಸಾಗುತ್ತದೆ?

ಉತ್ತರ: ಬೇಸ್‌ಬಾಲ್ ನೋಡಲು ಶುರು ಮಾಡಿದ ಹೊಸತರಲ್ಲಿ ನನ್ನನ್ನೂ ಇದೇ ಪ್ರಶ್ನೆ ಕಾಡಿತ್ತು. ಉತ್ತರ ಆ ಆಟಗಾರನಿಗಿಂತ ಹೆಚ್ಚಾಗಿ ತಂಡದ ಪಟ್ಟಿಯ ಲೆಕ್ಕದಲ್ಲಿದೆ. ಹಾಗಾಗಿ ಮೊದಲು ಲೆಕ್ಕ ಮಾಡೋಣ.

ಅಮೆರಿಕದ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ತಂಡವೊಂದು ಪಂದ್ಯಕ್ಕೆ 26 ಆಟಗಾರರನ್ನು ಇಟ್ಟುಕೊಳ್ಳಬಹುದು. 2020ಕ್ಕೆ ಮುಂಚೆ 25 ಇತ್ತು. ಇದರಲ್ಲಿ ಪಿಚರ್‌ಗಳು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, 13ಕ್ಕಿಂತ ಜಾಸ್ತಿ ಇರುವಂತಿಲ್ಲ. ಬಹುತೇಕ ತಂಡಗಳು ಆ ಹದಿಮೂರನ್ನೂ ತುಂಬಿಕೊಳ್ಳುತ್ತವೆ, ಯಾಕೆಂದರೆ ಪಿಚರ್‌ನ ತೋಳು ಬೇಗ ದಣಿಯುತ್ತದೆ. ಉಳಿದವರು 13. ಅವರಲ್ಲಿ ಒಂಬತ್ತು ಜನ ಆಡುತ್ತಾರೆ: ಎಂಟು ಜನ ಮೈದಾನದಲ್ಲಿ, ಇನ್ನೊಬ್ಬ ಬರೀ ಬ್ಯಾಟಿಂಗ್‌ಗೆ. ಬೆಂಚಿನಲ್ಲಿ ಉಳಿಯುವವರು ನಾಲ್ಕೇ ಜನ. ಒಬ್ಬ ಎರಡನೇ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಆಗಿರಲೇಬೇಕು, ಆ ಕೆಲಸ ಬೇರೆಯವರಿಗೆ ಬರುವುದಿಲ್ಲ. ಇನ್ನು ಮೂರು ಜನ.

ಕ್ಯಾಚರ್ ಬಿಟ್ಟರೆ ಮೈದಾನದಲ್ಲಿ ಏಳು ಜಾಗಗಳಿವೆ. ಅದರಲ್ಲಿ ನಾಲ್ಕು ಇನ್‌ಫೀಲ್ಡ್‌ನವು, ಅಂದರೆ ಬ್ಯಾಟರ್‌ಗೆ ಹತ್ತಿರದವು: ಫಸ್ಟ್ ಬೇಸ್, ಸೆಕೆಂಡ್ ಬೇಸ್, ಥರ್ಡ್ ಬೇಸ್ (ರನ್ ಗಳಿಸಲು ಓಟಗಾರ ಸಾಲಾಗಿ ಮುಟ್ಟಬೇಕಾದ ಮೂಲೆಗಳು ಇವು), ಮತ್ತೆ ಸೆಕೆಂಡ್ ಹಾಗೂ ಥರ್ಡ್ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್. ಏಳು ಜಾಗಕ್ಕೆ ಮೂರೇ ಬದಲಿ ಆಟಗಾರರು. ಒಂದೊಂದು ಜಾಗಕ್ಕೆ ಒಬ್ಬೊಬ್ಬನನ್ನು ಇಟ್ಟುಕೊಳ್ಳಲು ಆಗುವುದೇ ಇಲ್ಲ. ಮೂರು ನಾಲ್ಕು ಜಾಗ ನಿಭಾಯಿಸುವ ಒಬ್ಬ ಸಿಕ್ಕರೆ ಇನ್ನೆರಡು ಜಾಗದಲ್ಲಿ ಒಬ್ಬ ಓಟಗಾರನನ್ನೋ ಒಬ್ಬ ಒಳ್ಳೆಯ ಹೊಡೆತಗಾರನನ್ನೋ ಇಟ್ಟುಕೊಳ್ಳಬಹುದು. ಯುಟಿಲಿಟಿ ಇನ್‌ಫೀಲ್ಡರ್‌ನ ಬೆಲೆ ಇರುವುದು ಇಲ್ಲಿ. ಅವನು ತಾನು ಆಡುವುದರ ಜೊತೆಗೆ ಇನ್ನೊಬ್ಬರಿಗೆ ಪಟ್ಟಿಯಲ್ಲಿ ಜಾಗ ಮಾಡಿಕೊಡುತ್ತಾನೆ.

ಇನ್ನೆರಡು ಸಂಗತಿ ಸೇರಿಸಿಕೊಳ್ಳಿ. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಕಾಲು ಹಿಡಿದುಕೊಂಡಿತು, ಸ್ವಲ್ಪ ಹೊತ್ತು ಕೂತು ಬರ್ತೀನಿ ಅಂದರೆ ನಡೆಯುವುದಿಲ್ಲ. ಮತ್ತೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯಗಳಿರುತ್ತವೆ. ವಾರಕ್ಕೆ ಆರು ಪಂದ್ಯ ಅಂದುಕೊಳ್ಳಿ. ಯಾರಿಗೋ ಒಬ್ಬರಿಗೆ ದಿನಾ ಏನಾದರೂ ನೋವು ಇದ್ದೇ ಇರುತ್ತದೆ.

ಹಾಗಾದರೆ ಅವನು ಯಾವ ಜಾಗಕ್ಕೂ ಸಾಲದವನೇ? ಈ ಮಾತನ್ನು ನಾನು ಒಪ್ಪುವುದಿಲ್ಲ. ಇಂಥವರು ಸಾಮಾನ್ಯವಾಗಿ ಶಾಲೆ ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್ ಆಗಿದ್ದವರು. ಇನ್‌ಫೀಲ್ಡ್‌ನಲ್ಲಿ ಅತಿ ಕಷ್ಟದ ಜಾಗ ಅದು. ಊರಿನ ತಂಡದಲ್ಲಿ ಅತ್ಯುತ್ತಮ ಆಟಗಾರ ಯಾರೋ ಅವನನ್ನೇ ಅಲ್ಲಿ ನಿಲ್ಲಿಸುತ್ತಾರೆ. ಮೇಜರ್ ಲೀಗ್‌ನಲ್ಲಿ ಮೂವತ್ತು ತಂಡ, ಅಂದರೆ ಖಾಯಂ ಶಾರ್ಟ್‌ಸ್ಟಾಪ್ ಮೂವತ್ತೇ ಜನ. ಮೂವತ್ತೊಂದನೆಯವನು ಏನು ಮಾಡಬೇಕು? ಕೈಚಳಕ ಇದೆ, ತೋಳಿನಲ್ಲಿ ಬಲ ಇದೆ, ಬ್ಯಾಟಿಂಗ್ ಮಾತ್ರ ಒಂದು ಗುಲಗಂಜಿ ಕಡಿಮೆ. ಅವನು ಪಕ್ಕದ ಜಾಗಗಳನ್ನು ಕಲಿಯುತ್ತಾನೆ.

ಆ ಕಲಿಕೆ ಸುಲಭ ಅಲ್ಲ. ಡಬಲ್ ಪ್ಲೇ ಒಂದನ್ನೇ ನೋಡಿ, ಅಂದರೆ ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವುದು. ಶಾರ್ಟ್‌ಸ್ಟಾಪ್‌ನಿಂದ ಓಡಿ ಬಂದು ಸೆಕೆಂಡ್ ಬೇಸ್ ತುಳಿಯುವವನಿಗೆ ಎದುರಿನಿಂದ ಬರುವ ಓಟಗಾರ ಕಣ್ಣಿಗೆ ಕಾಣುತ್ತಾನೆ. ಮೈಯ ವೇಗವೂ ಫಸ್ಟ್ ಬೇಸ್ ಕಡೆಗೇ ಇರುತ್ತದೆ, ಎಸೆತ ತಾನಾಗಿ ಹೊರಡುತ್ತದೆ. ಅದೇ ಕೆಲಸವನ್ನು ಸೆಕೆಂಡ್ ಬೇಸ್‌ಮನ್ ಆಗಿ ಮಾಡುವಾಗ ಎಲ್ಲ ಉಲ್ಟಾ. ಚೆಂಡು ಬರುವುದು ಒಂದು ಕಡೆಯಿಂದ, ಓಟಗಾರ ಬರುವುದು ಬೆನ್ನ ಹಿಂದಿನಿಂದ. ಚೆಂಡು ಹಿಡಿದು, ಬೇಸ್ ತುಳಿದು, ಸೊಂಟ ತಿರುಗಿಸಿ ಎಸೆಯಬೇಕು. ಆ ಹೊತ್ತಿಗೆ ಓಟಗಾರ ಕಾಲಬುಡಕ್ಕೆ ಜಾರಿ ಬಂದಿರುತ್ತಾನೆ. ಬೇಕೆಂದೇ ಕಾಲಿಗೆ ಗುದ್ದುವುದನ್ನು ತಡೆಯಲು 2016ರಿಂದ ನಿಯಮ ಬಿಗಿ ಮಾಡಿದ್ದಾರೆ. ಆದರೂ ಭಯ ಇದ್ದೇ ಇರುತ್ತದೆ.

ಥರ್ಡ್ ಬೇಸ್‌ನ ಕಥೆಯೇ ಬೇರೆ. ಬ್ಯಾಟರ್‌ನಿಂದ ಆ ಬೇಸ್‌ಗೆ 90 ಅಡಿ, ಅಂದರೆ ಸುಮಾರು 27 ಮೀಟರ್. ಅಲ್ಲಿ ಓಡಲು ಸಮಯವೇ ಸಿಗುವುದಿಲ್ಲ. ಚೆಂಡು ಕಂಡ ಕ್ಷಣಕ್ಕೆ ಕೈ ಅಲ್ಲಿರಬೇಕು. ಫಸ್ಟ್ ಬೇಸ್‌ನಲ್ಲಿ ನೆಲಕ್ಕೆ ಬಡಿದು ಬರುವ ಕೆಟ್ಟ ಎಸೆತಗಳನ್ನು ಎತ್ತಿಕೊಳ್ಳಬೇಕು. ದಿನಾ ಒಂದೇ ಜಾಗದಲ್ಲಿ ನಿಲ್ಲುವವನಿಗೆ ಇದು ರಕ್ತಗತ ಆಗಿಬಿಡುತ್ತದೆ. ನಾಲ್ಕು ದಿನ ಕೂತು ಐದನೇ ದಿನ ಎದ್ದು ಬರುವವನು ಪ್ರತಿ ಸಲವೂ ನೆನಪು ಮಾಡಿಕೊಳ್ಳಬೇಕು.

ಈಗ ವೃತ್ತಿಜೀವನದ ಮಾತು. ಇದಕ್ಕೆ ಕ್ರೆಗ್ ಕೌನ್ಸೆಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೌನ್ಸೆಲ್ ಬೆಳೆದದ್ದು ವಿಸ್ಕಾನ್ಸಿನ್‌ನ ಮಿಲ್ವಾಕಿ ಪಕ್ಕದ ವೈಟ್‌ಫಿಶ್ ಬೇ ಎಂಬ ಊರಲ್ಲಿ. ತಂದೆ ಮಿಲ್ವಾಕಿ ಬ್ರೂವರ್ಸ್ ತಂಡದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ತಂಡಗಳು ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವ 1992ರ ಆಯ್ಕೆಯಲ್ಲಿ ಕೊಲರಾಡೊ ರಾಕೀಸ್ ತಂಡ ಇವರನ್ನು ತೆಗೆದುಕೊಂಡಿದ್ದು ಹನ್ನೊಂದನೇ ಸುತ್ತಿನಲ್ಲಿ. ಅಂದರೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. 1995ರಲ್ಲಿ ಮೇಜರ್ ಲೀಗ್‌ನಲ್ಲಿ ಮೂರು ಪಂದ್ಯ ಆಡಿದರು. 1996ರಲ್ಲಿ ಒಂದೂ ಇಲ್ಲ. 1997ರ ಜುಲೈನಲ್ಲಿ ಫ್ಲೋರಿಡಾ ಮಾರ್ಲಿನ್ಸ್ ತಂಡಕ್ಕೆ ವರ್ಗ. ಆಗ ವಯಸ್ಸು 27 ತುಂಬುತ್ತಾ ಬಂದಿತ್ತು. ಬೇಸ್‌ಬಾಲ್‌ನಲ್ಲಿ ಆ ವಯಸ್ಸಿಗೆ ಇನ್ನೂ ಹೊಸಬ ಅನ್ನಿಸಿಕೊಂಡರೆ ಜನ ಆಸೆ ಬಿಟ್ಟಿರುತ್ತಾರೆ.

ಮೂರು ತಿಂಗಳಾದ ಮೇಲೆ, ಅಕ್ಟೋಬರ್ 26ರ ರಾತ್ರಿ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಏಳನೇ, ಅಂದರೆ ಕೊನೆಯ ಪಂದ್ಯ. ಕ್ಲೀವ್‌ಲ್ಯಾಂಡ್ 2–1ರಿಂದ ಮುಂದಿತ್ತು. ಒಂಬತ್ತನೇ, ಅಂದರೆ ಸಾಮಾನ್ಯವಾಗಿ ಕೊನೆಯದಾದ ಇನಿಂಗ್ಸ್‌ನಲ್ಲಿ ಕೌನ್ಸೆಲ್ ಬ್ಯಾಟಿಂಗ್‌ಗೆ ಬಂದರು. ಥರ್ಡ್ ಬೇಸ್‌ನಲ್ಲಿ ಒಬ್ಬ ಓಟಗಾರ ಕಾಯುತ್ತಿದ್ದ. ಇವರು ರೈಟ್ ಫೀಲ್ಡ್ ಕಡೆಗೆ ಎತ್ತರದ ಹೊಡೆತ ಹೊಡೆದರು. ಕ್ಯಾಚ್ ಆಯಿತು, ಇವರು ಔಟ್. ಆದರೆ ಕ್ಯಾಚ್ ಆದ ಮೇಲೆ ಆ ಓಟಗಾರ ಓಡಿ ಬಂದು ರನ್ ಗಳಿಸಿದ. ಪಂದ್ಯ ಸಮ ಆಯಿತು. ಹನ್ನೊಂದನೇ ಇನಿಂಗ್ಸ್‌ನಲ್ಲಿ ಎದುರಾಳಿಯ ತಪ್ಪಿನಿಂದ ಇವರು ಬೇಸ್ ತಲುಪಿದರು. ಆಮೇಲೆ ಎಡ್ಗರ್ ರೆಂಟೆರಿಯಾ ಹೊಡೆದ ಚೆಂಡು ಪಿಚರ್‌ನ ತಲೆ ಮೇಲಿಂದ ಹೋಯಿತು. ಕೌನ್ಸೆಲ್ ಎರಡೂ ಕೈ ಮೇಲೆತ್ತಿ, ರನ್ ಪೂರ್ತಿಯಾಗುವ ಹೋಮ್ ಪ್ಲೇಟ್ ಮೇಲೆ ಹಾರಿದರು. ಮಾರ್ಲಿನ್ಸ್ 3–2ರಿಂದ ಗೆದ್ದಿತು.

ಇಷ್ಟಾದ ಮೇಲೆ ಜೀವನ ಸಲೀಸಾಗಿರಬೇಕು ಅಲ್ವಾ? ಇಲ್ಲ. ಮರುವರ್ಷ ಪಿಚರ್‌ನ ಎಸೆತ ಮುಖಕ್ಕೆ ಬಡಿದು ದವಡೆ ಮುರಿಯಿತು. 1999ರಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ವರ್ಗ. 2000ದ ಮಾರ್ಚ್‌ನಲ್ಲಿ ಆ ತಂಡ ಇವರನ್ನು ಕೈಬಿಟ್ಟಿತು. ಆಗ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಕರೆದುಕೊಂಡಿತು. 2001ರಲ್ಲಿ ಸೆಕೆಂಡ್ ಬೇಸ್, ಶಾರ್ಟ್‌ಸ್ಟಾಪ್, ಥರ್ಡ್ ಬೇಸ್ ಮೂರರಲ್ಲೂ ಆಡುತ್ತಾ 141 ಪಂದ್ಯ ಆಡಿದರು. ಬೆಂಚಿನವ ಎಂದು ಬಂದವರು ಆಡುವವರಾದರು. ಆ ವರ್ಷ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅಂತಿಮ ಸರಣಿಯಲ್ಲಿ ಸರಣಿಯ ಶ್ರೇಷ್ಠ ಆಟಗಾರ ಇವರೇ. ಮತ್ತೆ ವರ್ಲ್ಡ್ ಸೀರೀಸ್, ಮತ್ತೆ ಏಳನೇ ಪಂದ್ಯ, ಮತ್ತೆ ಒಂಬತ್ತನೇ ಇನಿಂಗ್ಸ್. ಎದುರಿಗೆ ನ್ಯೂಯಾರ್ಕ್ ಯಾಂಕೀಸ್‌ನ ಪಿಚರ್ ಮರಿಯಾನೊ ರಿವೆರಾ. ಪಂದ್ಯ ಆಗಷ್ಟೇ 2–2 ಆಗಿತ್ತು. ರಿವೆರಾ ಎಸೆತ ಕೌನ್ಸೆಲ್‌ಗೆ ತಗುಲಿತು. ನಿಯಮದ ಪ್ರಕಾರ ಅವರಿಗೆ ಫಸ್ಟ್ ಬೇಸ್ ಸಿಕ್ಕಿತು, ಮೂರೂ ಬೇಸ್ ಭರ್ತಿ ಆದವು. ಮುಂದೆ ಬಂದ ಲೂಯಿಸ್ ಗೊನ್ಜಾಲೆಜ್ ಗೆಲುವಿನ ಹೊಡೆತ ಹೊಡೆದರು.

ಎರಡು ಏಳನೇ ಪಂದ್ಯಗಳ ಕೊನೇ ಗಳಿಗೆ. ಒಂದು ಔಟ್, ಒಂದು ಎದುರಾಳಿಯ ತಪ್ಪು, ಒಂದು ಮೈಗೆ ಬಿದ್ದ ಏಟು. ಇವುಗಳಲ್ಲಿ ಒಂದೂ ಬ್ಯಾಟಿಂಗ್ ಸರಾಸರಿಯನ್ನು, ಅಂದರೆ ಸಿಕ್ಕ ಅವಕಾಶಗಳಲ್ಲಿ ಎಷ್ಟು ಪಾಲು ಹಿಟ್ (ಹೊಡೆದು ಬೇಸ್ ತಲುಪುವುದು) ಆದವು ಎಂಬ ಲೆಕ್ಕವನ್ನು, ಏರಿಸುವುದಿಲ್ಲ. ಆದರೂ ಇವಿಲ್ಲದೆ ಆ ರಾತ್ರಿಗಳಲ್ಲಿ ಆ ಗೆಲುವು ಹಾಗೆ ಬರುತ್ತಿರಲಿಲ್ಲ. ಕೌನ್ಸೆಲ್ ಬಗ್ಗೆ ನನಗೆ ಇಷ್ಟೊಂದು ಪ್ರೀತಿ ಬಂದಿದ್ದು ಇದರಿಂದಲೇ.

ಅವರ ಪೂರ್ತಿ ಲೆಕ್ಕ ಹೀಗಿದೆ: 16 ಸೀಸನ್, 1,624 ಪಂದ್ಯ, ಬ್ಯಾಟಿಂಗ್ ಸರಾಸರಿ .255, ಹೋಮ್ ರನ್ (ಹೆಚ್ಚಾಗಿ ಚೆಂಡನ್ನು ಬೇಲಿಯಾಚೆ ಹೊಡೆದು ಗಳಿಸುವ ರನ್) 42. ದೊಡ್ಡ ಹೊಡೆತಗಾರರು ಒಂದೇ ವರ್ಷದಲ್ಲಿ 42 ಹೋಮ್ ರನ್ ಹೊಡೆದುಬಿಡುತ್ತಾರೆ. ಇವರಿಗೆ ಅಷ್ಟಕ್ಕೆ ಜೀವಮಾನ ಬೇಕಾಯಿತು.

ಬೆಂಚಿನವನ ಕಷ್ಟ ಎಂಥದ್ದು ಎಂದು ತಿಳಿಯಲು 2011ನ್ನು ನೋಡಬೇಕು. ಕೌನ್ಸೆಲ್‌ಗೆ ಆಗ ನಲವತ್ತು, ತವರಿನ ಬ್ರೂವರ್ಸ್ ತಂಡದಲ್ಲಿದ್ದರು. ಜೂನ್‌ನಿಂದ ಆಗಸ್ಟ್ ಮೊದಲ ವಾರದವರೆಗೆ ಸತತ 45 ಅವಕಾಶಗಳಲ್ಲಿ ಒಂದು ಹಿಟ್ ಕೂಡ ಸಿಗಲಿಲ್ಲ. ದಿನಾ ಆಡುವವನಿಗೆ ಪಂದ್ಯಕ್ಕೆ ಸುಮಾರು ನಾಲ್ಕು ಸಲ ಬ್ಯಾಟ್ ಮಾಡುವ ಅವಕಾಶ ಇರುತ್ತದೆ. ಅವನಿಗೆ ಇಂಥ ಬರಗಾಲ ಬಂದರೆ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಇವರಿಗೆ ಒಂದು ದಿನ ಒಂದು ಅವಕಾಶ, ಇನ್ನೊಂದು ದಿನ ಅದೂ ಇಲ್ಲ. ಹಾಗಾಗಿ ಅದು ಸುಮಾರು ಎರಡು ತಿಂಗಳು ಎಳೆಯಿತು. ಪ್ರತಿ ರಾತ್ರಿ ಮನೆಗೆ ಹೋಗುವಾಗ ಅದೇ ಸೊನ್ನೆ ಜೊತೆಗೆ ಹೋಗುತ್ತದೆ. ಆ ವರ್ಷ ಬ್ರೂವರ್ಸ್ 96 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಅಂಥ ಪೈಪೋಟಿಯ ಮಧ್ಯೆಯೂ ತಂಡ ಅವರನ್ನು ಬಿಡಲಿಲ್ಲ. ಬರೀ ಬ್ಯಾಟಿಂಗ್ ನೋಡುವ ತಂಡವಾಗಿದ್ದರೆ ಜುಲೈನಲ್ಲೇ ಮನೆಗೆ ಕಳಿಸುತ್ತಿತ್ತು.

ಎಲ್ಲರಿಗೂ ಕೌನ್ಸೆಲ್‌ನಷ್ಟು ದೀರ್ಘ ಪಯಣ ಸಿಗುವುದಿಲ್ಲ. ಬಹಳ ಜನರ ಬದುಕು ಮೇಲಿನ ತಂಡಕ್ಕೂ ಕೆಳಹಂತದ ಮೈನರ್ ಲೀಗ್‌ಗೂ ಓಡಾಡುವುದರಲ್ಲೇ ಕಳೆಯುತ್ತದೆ. ಫೆಬ್ರವರಿಯಲ್ಲಿ ಅರಿಜೋನಾದಲ್ಲೋ ಫ್ಲೋರಿಡಾದಲ್ಲೋ ಶಿಬಿರ. ಅಲ್ಲಿ ಜಾಗ ಸಿಗದಿದ್ದರೆ ಮೈನರ್ ಲೀಗ್. ಮೇಲೆ ಯಾರಿಗಾದರೂ ಗಾಯವಾದರೆ ಫೋನ್ ಬರುತ್ತದೆ. ಗಾಯ ವಾಸಿಯಾದ ದಿನ ಮತ್ತೆ ಕೆಳಗೆ. ಮೂರು ಸೀಸನ್‌ವರೆಗೆ ತಂಡ ಒಬ್ಬನನ್ನು ಹೀಗೆ ಕೇಳದೆಯೇ ಮೇಲೆ ಕೆಳಗೆ ಕಳಿಸಬಹುದು. ಐದು ವರ್ಷದ ಸೇವೆ ಪೂರ್ತಿ ಆದವನು ಮಾತ್ರ 'ಹೋಗಲ್ಲ' ಎನ್ನಬಹುದು.

ದುಡ್ಡಿನ ವ್ಯತ್ಯಾಸ ಕೇಳಿದರೆ ಈ ಓಡಾಟದ ನೋವು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2025ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,60,000 ಡಾಲರ್. ನಮ್ಮ ಲೆಕ್ಕದಲ್ಲಿ ಆರು ಕೋಟಿ ರೂಪಾಯಿಗೂ ಜಾಸ್ತಿ. ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಹಂತದಲ್ಲಿ 2023ರ ಒಪ್ಪಂದ ಗೊತ್ತು ಮಾಡಿದ ಕನಿಷ್ಠ ಸಂಬಳ 35,800 ಡಾಲರ್. ಮೇಲಿನ ಸಂಬಳ ಸಿಗುವುದು ಮೇಲಿದ್ದಷ್ಟು ದಿನಕ್ಕೆ ಮಾತ್ರ. ಹಾಗಾಗಿ ಇಂಥ ಆಟಗಾರರು ದಿನಗಳನ್ನು ಎಣಿಸುತ್ತಾರೆ. ಮೇಜರ್ ಲೀಗ್‌ನಲ್ಲಿ 43 ದಿನ ಇದ್ದರೆ ಪಿಂಚಣಿಗೆ ಅರ್ಹತೆ. 172 ದಿನ ಆದರೆ ಒಂದು ವರ್ಷದ ಸೇವೆ. ಆರು ವರ್ಷದ ಸೇವೆ ಆದರೆ ಇಷ್ಟಬಂದ ತಂಡದ ಜೊತೆ ಮಾತಾಡುವ ಸ್ವಾತಂತ್ರ್ಯ. ನಾಲ್ಕನೆಯ ಜಾಗವೊಂದನ್ನು ಕಲಿತರೆ ಮೇಲೆ ಇನ್ನಷ್ಟು ದಿನ ಉಳಿಯಬಹುದು ಎಂದರೆ ಯಾರು ತಾನೇ ಕಲಿಯುವುದಿಲ್ಲ?

ಈಚೆಗೆ ಈ ಕೆಲಸದ ಮರ್ಯಾದೆ ಹೆಚ್ಚಿದೆ. ಅದಕ್ಕೆ ಬೆನ್ ಜೋಬ್ರಿಸ್ಟ್ ದೊಡ್ಡ ಕಾರಣ. ಟ್ಯಾಂಪಾ ಬೇ ತಂಡ ಅವರನ್ನು ಇನ್‌ಫೀಲ್ಡ್, ಔಟ್‌ಫೀಲ್ಡ್ ಎಂದು ನೋಡದೆ ಎಲ್ಲ ಕಡೆ ಆಡಿಸಿತು, ಅದೂ ದಿನಾ ಆಡಿಸಿತು. 2016ರಲ್ಲಿ ಶಿಕಾಗೊ ಕಬ್ಸ್ 108 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಾಗ ಸರಣಿಯ ಶ್ರೇಷ್ಠ ಆಟಗಾರ ಅವರೇ. 2022ರಿಂದ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯಲ್ಲಿ ಯುಟಿಲಿಟಿ ಆಟಗಾರರಿಗೇ ಬೇರೆ ವಿಭಾಗ ಬಂದಿದೆ. ನನ್ನ ಪ್ರಕಾರ ಇದು ಇಪ್ಪತ್ತು ವರ್ಷ ಮುಂಚೆಯೇ ಬರಬೇಕಿತ್ತು.

ನಿವೃತ್ತಿ ಆದ ಮೇಲೆ ಇವರಲ್ಲಿ ಕೆಲವರು ಒಳ್ಳೆಯ ಮ್ಯಾನೇಜರ್‌ಗಳಾಗುತ್ತಾರೆ, ಅಂದರೆ ತಂಡವನ್ನು ಆಡಿಸುವ ಮುಖ್ಯ ಕೋಚ್‌ಗಳು. ಟೋನಿ ಲಾ ರುಸ್ಸಾ ಇನ್‌ಫೀಲ್ಡರ್ ಆಗಿ ಮೇಜರ್ ಲೀಗ್‌ನಲ್ಲಿ ಆಡಿದ್ದು 132 ಪಂದ್ಯ, ಸರಾಸರಿ .199. ಮ್ಯಾನೇಜರ್ ಆಗಿ ಮೂರು ವರ್ಲ್ಡ್ ಸೀರೀಸ್ ಗೆದ್ದರು. 2018ರಲ್ಲಿ ಬಾಸ್ಟನ್‌ಗೆ ಗೆದ್ದುಕೊಟ್ಟ ಅಲೆಕ್ಸ್ ಕೋರಾ 2007ರಲ್ಲಿ ಅದೇ ತಂಡದ ಬದಲಿ ಇನ್‌ಫೀಲ್ಡರ್ ಆಗಿದ್ದವರು. ಕೌನ್ಸೆಲ್ 2015ರಿಂದ 2023ರವರೆಗೆ ಬ್ರೂವರ್ಸ್ ಮ್ಯಾನೇಜರ್ ಆಗಿ 707 ಪಂದ್ಯ ಗೆಲ್ಲಿಸಿದರು. ಆ ತಂಡದ ಇತಿಹಾಸದಲ್ಲೇ ಅದು ಹೆಚ್ಚು. ಆಮೇಲೆ ಶಿಕಾಗೊ ಕಬ್ಸ್ ಐದು ವರ್ಷಕ್ಕೆ 4 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಕರೆದುಕೊಂಡಿತು. ಬೆಂಚಿನಲ್ಲಿ ಕೂತವನು ಸುಮ್ನೆ ಕೂತಿರುವುದಿಲ್ಲ. ತನ್ನನ್ನು ಯಾವ ಇನಿಂಗ್ಸ್‌ನಲ್ಲಿ ಕರೆಯಬಹುದು, ಯಾರ ಬದಲಿಗೆ, ಯಾಕೆ ಎಂದು ಪ್ರತಿ ರಾತ್ರಿ ಮ್ಯಾನೇಜರ್‌ಗಿಂತ ಮುಂಚೆ ಯೋಚಿಸಿರುತ್ತಾನೆ.

ಮತ್ತೆ ಮಗನ ಮನೆಗೆ ಹೋದಾಗ ಒಂದು ಪಂದ್ಯವನ್ನು ಮೈದಾನಕ್ಕೇ ಹೋಗಿ ನೋಡಿ. ಗೇಟ್ ತೆಗೆದ ಕೂಡಲೇ ಒಳಗೆ ಹೋಗಿ. ಆ ಹೊತ್ತಿಗೆ ಹೆಚ್ಚಾಗಿ ಎದುರಾಳಿ ತಂಡದ ಅಭ್ಯಾಸ ನಡೆಯುತ್ತಿರುತ್ತದೆ. ತೆಳ್ಳನೆಯ ಬ್ಯಾಟ್ ಹಿಡಿದ ಕೋಚ್ ನೆಲದ ಮೇಲೆ ಚೆಂಡು ಹೊಡೆಯುತ್ತಿರುತ್ತಾನೆ. ಮೊದಲು ಶಾರ್ಟ್‌ಸ್ಟಾಪ್‌ನಲ್ಲಿ ಹತ್ತು ಚೆಂಡು ಹಿಡಿದು, ಹುಲ್ಲಿನ ಅಂಚಿಗೆ ಬಂದು, ಕೈಯಲ್ಲಿರುವ ಸಣ್ಣ ಗ್ಲೌಸ್ ತೆಗೆದಿಟ್ಟು, ಸ್ವಲ್ಪ ದೊಡ್ಡದನ್ನು ಹಾಕಿಕೊಂಡು ಥರ್ಡ್ ಬೇಸ್‌ಗೆ ಹೋಗುವವನು ಸಿಗಬಹುದು. ಪಕ್ಕದಲ್ಲಿ ಮೂರನೆಯದೊಂದು ಬಿದ್ದಿರುತ್ತದೆ, ಅಗಲವಾದದ್ದು, ಬೆರಳುಗಳು ಬಿಡಿಬಿಡಿಯಾಗಿ ಇಲ್ಲದ್ದು. ಅದು ಫಸ್ಟ್ ಬೇಸ್‌ಗೆ. ಆವತ್ತಿನ ಆಟಗಾರರ ಪಟ್ಟಿಯಲ್ಲಿ ಅವನ ಹೆಸರು ಇರದೆಯೂ ಇರಬಹುದು. ಮೂರೂ ಗ್ಲೌಸ್ ಮಾತ್ರ ಎಣ್ಣೆ ಹಚ್ಚಿಸಿಕೊಂಡು ಮೆತ್ತಗೆ, ಸಿದ್ಧವಾಗಿರುತ್ತವೆ.