ಸಾಕ್ಷಿ ಜೀವಿತ: ಆರಾಧನೆ ಮುಗಿದ ಮೇಲಿನ ನಂಬಿಕೆ

ಬಳ್ಳಾರಿ, ರಾಯಚೂರು ಕಡೆಯ ಕ್ರೈಸ್ತ ಸಭೆಗಳಲ್ಲಿ ‘ಸಾಕ್ಷಿ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆರಾಧನೆಯ ನಡುವೆ ಯಾರೋ ಎದ್ದು ನಿಂತು, ಕಾಯಿಲೆ ವಾಸಿಯಾದದ್ದನ್ನೋ ಮಗಳಿಗೆ ಕೆಲಸ ಸಿಕ್ಕಿದ್ದನ್ನೋ ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಿದರೆ ಅದು ಸಾಕ್ಷಿ ಹೇಳುವುದು. ಸಾಕ್ಷಿ ಜೀವಿತ ಅಂದರೆ ಬೇರೆ. ನಂಬಿದವರು ಸೋಮವಾರದಿಂದ ಶನಿವಾರದವರೆಗೆ ಹೊಲ, ಅಂಗಡಿ, ಮನೆಯಲ್ಲಿ ಬಾಳುವ ರೀತಿಗೆ ಈ ಹೆಸರು. ‘ಅವರದು ಒಳ್ಳೆ ಸಾಕ್ಷಿ ಐತಿ’ ಅಂತ ಹಿರಿಯರು ಹೇಳಿದರೆ, ನಡತೆ ಚೆನ್ನಾಗಿದೆ ಅಂತ ಅರ್ಥ. ಪ್ರಾರ್ಥನೆ ಎಷ್ಟು ಹೊತ್ತು ಮಾಡುತ್ತಾರೆ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಈ ನಡತೆಗೆ ಅಳತೆ ಯಾವುದು? ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ತೆಗೆದು ನೋಡಿ. ಪರಿಶುದ್ಧರಾಗಿರಿ ಎಂಬ ಮಾತಿನಿಂದ ಅದು ಶುರುವಾಗುತ್ತದೆ. ಬಲಿಯ ನಿಯಮ ನಾಲ್ಕು ವಚನದಲ್ಲಿ ಮುಗಿದು, ಮಾತು ಸೀದಾ ಹೊಲಕ್ಕೆ ಬರುತ್ತದೆ. ಕೊಯ್ಲಿನಲ್ಲಿ ಹೊಲದ ಅಂಚಿನ ತೆನೆ ಬಡವರಿಗೆ ಬಿಡಬೇಕು. ಕೂಲಿಯವನ ಕೂಲಿ ಬೆಳಗಾಗುವವರೆಗೆ ನಿಮ್ಮ ಹತ್ತಿರ ಉಳಿಯಬಾರದು. ತಕ್ಕಡಿ, ತೂಕದ ಕಲ್ಲು ಸರಿ ಇರಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತದ್ದು ನಮ್ಮ ನೆಲದಲ್ಲೇ. ಈ ಮಾತುಗಳು ನಮಗೆ ಹೊಸವೇನಲ್ಲ.

ರಾಯಚೂರು ಸೀಮೆಯಲ್ಲಿ ಇದು ಹತ್ತಿ ಬಿಡಿಸುವ ಕಾಲಕ್ಕೆ ಕಣ್ಣಿಗೆ ಕಾಣುತ್ತದೆ. ಅಲ್ಲಿ ಕೂಲಿ ಕೆಜಿ ಲೆಕ್ಕ. ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಉಡಿಯಲ್ಲಿ ತುಂಬಿದ ಹತ್ತಿಯನ್ನು ಸಂಜೆ ಗಂಟು ಕಟ್ಟಿ ತೂಗಿಸುತ್ತಾರೆ. ಮುಳ್ಳು ನಿಲ್ಲುವ ಮೊದಲೇ ಗಂಟು ಇಳಿಸಿದರೆ, ತೇವ ಐತಿ ಅಂತ ಎರಡು ಕೆಜಿ ಮುರಿದರೆ, ‘ಸಂತಿ ದಿನ ಕೊಡ್ತೀನಿ ಬಾರವ್ವ’ ಅಂತ ಎರಡು ಸಂತೆ ದಾಟಿಸಿದರೆ, ಆ ಯಜಮಾನ ಭಾನುವಾರ ಎಷ್ಟೇ ಚೆನ್ನಾಗಿ ಹಾಡಲಿ, ಅವನ ಸಾಕ್ಷಿ ಆ ಹೊಲದಲ್ಲೇ ಹೋಯಿತು. ತಡೆಹಿಡಿದ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಅಂತ ಬೈಬಲಿನ ಯಾಕೋಬನ ಪತ್ರ ಹೇಳುತ್ತದೆ. ಬಳ್ಳಾರಿಯಲ್ಲಿ ಪೀಸ್ ಲೆಕ್ಕಕ್ಕೆ ಜೀನ್ಸ್ ಹೊಲಿಯುವವರ ಬಟವಾಡೆಗೂ ಇದೇ ಮಾತು.

ನಮ್ಮ ಸಭೆಗಳಲ್ಲಿ ಎಷ್ಟೋ ಜನ ಕೂಲಿ ಕೊಡುವವರಲ್ಲ, ದುಡಿಯುವವರು. ಅವರಿಗೆ ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯವನ್ನು ತೋರಿಸುವುದು ರೂಢಿ: ಏನೇ ಮಾಡಿದರೂ ಕರ್ತನಿಗೆ ಅಂತ ಮನಸ್ಸಿಟ್ಟು ಮಾಡಿ. ಒಳ್ಳೆಯ ಮಾತು. ಆದರೆ ಅಷ್ಟಕ್ಕೇ ನಿಲ್ಲಿಸಿ, ಸುಮ್ನೆ ದುಡಿ, ಜಾಸ್ತಿ ಕೇಳಬೇಡ ಅನ್ನುವುದಕ್ಕೆ ಅದನ್ನು ಬಳಸಿದರೆ ಅನ್ಯಾಯ. 4ನೇ ಅಧ್ಯಾಯದ ಮೊದಲ ವಚನವೇ ಯಜಮಾನರಿಗೆ: ಕೈಕೆಳಗಿನವರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನ ಇದ್ದಾನೆ. ಇವೆರಡನ್ನೂ ಸೇರಿಸಿಯೇ ಓದಬೇಕು, ಅಲ್ವಾ?

ಇನ್ನೊಂದು ವಿಷಯ. ಪಕ್ಕದ ಮನೆಯವರಿಗೆ ಸಹಾಯ ಮಾಡಿ ಅವರನ್ನು ಸಭೆಗೆ ಎಳೆಯುವುದು ಸಾಕ್ಷಿ ಜೀವಿತವಲ್ಲ. ಹಸಿದವರಿಗೆ ಕೊಟ್ಟ ಊಟ ಊಟವೇ, ಅದರ ಹಿಂದೆ ಷರತ್ತು ಇರಬಾರದು. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಹಸಿದವರಿಗೆ ಉಣಬಡಿಸಿದವರಿಗೆ, ತಾವು ಉಣಬಡಿಸಿದ್ದು ಕ್ರಿಸ್ತನಿಗೇ ಅಂತ ಗೊತ್ತೇ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮತ್ತಾಯ 5ರಲ್ಲಿದೆ. ಕಾಣಿಕೆ ಕೊಡಲು ಬಂದಾಗ, ನಿನ್ನ ಮೇಲೆ ಸಹೋದರನಿಗೆ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು. ಹೊಲದ ಬದುವಿಗೆ ಜಗಳಾಡಿ ಮಾತು ಬಿಟ್ಟ ಅಣ್ಣ ತಮ್ಮ ಒಂದೇ ಸಭೆಯಲ್ಲಿ ಕೂತು ಕರ್ತನ ಭೋಜನ (ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ) ತಗೊಳ್ಳುವುದು ನಮ್ಮ ಊರುಗಳಲ್ಲಿ ಉಂಟು. ಅದಕ್ಕೆ ಪಾಸ್ಟರೋ ಫಾದರೋ ಬರಲಿ ಅಂತ ಕಾಯಬೇಕಿಲ್ಲ. ತಮ್ಮನೇ ಅಣ್ಣನ ಮನೆಗೆ ಹೋಗಲಿ, ಇಬ್ಬರೂ ಸೇರಿ ಸರ್ವೇಯರ್ ಕರೆಸಿ ಬದು ಅಳೆಸಲಿ.