ಲಾಡ್ಜಿಗೆ ಬಂದವರಿಗೆ ಬೇರೆ ಬೇರೆ ವೈಫೈ ಲಾಗಿನ್ ಕೊಡುವುದು ಹೇಗೆ?

ಪ್ರಶ್ನೆ: ಕುಂಬಳೆ ಪೇಟೆ ಹತ್ತಿರ ನಮ್ಮದು ಎಂಟು ರೂಮಿನ ಲಾಡ್ಜ್. ಕೆಳಗೆ ಸಣ್ಣ ಹೋಟೆಲು. ವೈಫೈ ಪಾಸ್‌ವರ್ಡ್ ಈಗ ರಿಕ್ಷಾ ಸ್ಟ್ಯಾಂಡಿನವರಿಗೂ ಗೊತ್ತು. ಸಂಜೆಯಾದರೆ ರೂಮಿನವರಿಗೆ ನೆಟ್ ಸಿಗುವುದಿಲ್ಲ. ಒಬ್ಬೊಬ್ಬರಿಗೆ ಬೇರೆ ಲಾಗಿನ್ ಕೊಡಬಹುದಾ? ಮೊಬೈಲಿಗೆ ಒಟಿಪಿ ಬರುವ ಹಾಗೆ ಮಾಡಿದರೆ ಒಳ್ಳೆಯದಲ್ವಾ?

ಉತ್ತರ: ಲಾಗಿನ್ ಖಂಡಿತ ಕೊಡಬಹುದು. ಒಟಿಪಿ ಮಾತ್ರ ಬೇಡ, ಚೀಟಿ ಸಾಕು.

ಒಟಿಪಿ ಕಳಿಸಬೇಕಾದರೆ ಎಸ್ಸೆಮ್ಮೆಸ್ ಸೇವೆ ಕೊಳ್ಳಬೇಕು, ವ್ಯಾಪಾರದ ಮೆಸೇಜ್ ಕಳಿಸುವವರು ಮಾಡಿಸಬೇಕಾದ ಡಿಎಲ್‌ಟಿ ನೋಂದಣಿಯ ಕೆಲಸ ಇದೆ, ಪ್ರತಿ ಮೆಸೇಜಿಗೂ ದುಡ್ಡು. ಎಂಟು ರೂಮಿಗೆ ಇಷ್ಟೆಲ್ಲ ಯಾಕೆ? ಮೇಲಾಗಿ ನಮ್ಮೂರಿಗೆ ರಜೆಯಲ್ಲಿ ಬರುವವರ ಕೈಯಲ್ಲಿ ದುಬೈ, ಕತಾರಿನ ಸಿಮ್ ಇರುತ್ತದೆ. ಇಲ್ಲಿನ ಅಗ್ಗದ ಎಸ್ಸೆಮ್ಮೆಸ್ ಪ್ಯಾಕ್ ಸಾಮಾನ್ಯವಾಗಿ ಭಾರತದ ನಂಬರಿಗೆ ಮಾತ್ರ. ವೈಫೈ ನಿಜವಾಗಿ ಬೇಕಾದವರಿಗೇ ಅದು ಸಿಗದೆ ಹೋಗುತ್ತದೆ.

ಚೀಟಿ ಎಂದರೆ ವೋಚರ್. ಫೋನು ವೈಫೈಗೆ ಸೇರಿದ ಕೂಡಲೇ ಲಾಗಿನ್ ಪುಟ ಬರುತ್ತದೆ, ಅದರಲ್ಲಿ ಕೋಡ್ ಹಾಕಬೇಕು. ಇಂಟರ್ನೆಟ್ ಕಂಪನಿಯವರು ಇಟ್ಟು ಹೋದ ಡಬ್ಬಿಯಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಮೈಕ್ರೋಟಿಕ್ ಕಂಪನಿಯ ಸಣ್ಣ ರೌಟರ್ ತಂದರೆ ‘ಹಾಟ್‌ಸ್ಪಾಟ್’ ಎಂಬ ಈ ಲಾಗಿನ್ ವ್ಯವಸ್ಥೆ ಅದರೊಳಗೇ ಇದೆ, ಆದರೆ ಸೆಟ್ ಮಾಡಲು ತಿಳಿದವರು ಬೇಕು. ಟಿಪಿ-ಲಿಂಕ್ ಒಮಾಡಾ, ಯೂನಿಫೈ ಎಂಬ ವೈಫೈ ಸಾಧನಗಳು ಸುಲಭ. ಆದರೆ ಅವಕ್ಕೆ ಕಂಟ್ರೋಲರ್, ಅಂದರೆ ಚೀಟಿ, ಲಾಗಿನ್ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕು. ಅದನ್ನು ಕೌಂಟರಿನ ಕಂಪ್ಯೂಟರಿನಲ್ಲಿ ಹಾಕಿ ರಾತ್ರಿ ಆಫ್ ಮಾಡಿದರೆ ಹೊಸಬರಿಗೆ ಲಾಗಿನ್ ಆಗುವುದಿಲ್ಲ. ಬೇರೆಯೇ ಪುಟ್ಟ ಕಂಟ್ರೋಲರ್ ಪೆಟ್ಟಿಗೆ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ.

ಈಗ ಜಾಸ್ತಿ ಜನ ಗಮನಿಸದ ವಿಷಯ. ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಎರಡೂ ಇಂಟರ್ನೆಟ್ ಕಂಪನಿಯ ಡಬ್ಬಿಗೇ ಸಿಕ್ಕಿಸಿರುತ್ತವೆ. ಹೊಸ ರೌಟರನ್ನೂ ಅದೇ ಡಬ್ಬಿಗೆ ಸಿಕ್ಕಿಸುತ್ತಾರೆ. ಲಾಗಿನ್ ಪುಟ ಚೆನ್ನಾಗಿ ಬರುತ್ತದೆ, ಎಲ್ಲ ಸರಿಯಾಯಿತು ಅನಿಸುತ್ತದೆ. ಆದರೆ ಹೊಸ ರೌಟರಿಗೆ ಆ ಡಬ್ಬಿಯ ಕಡೆ ಇರುವುದೆಲ್ಲ ‘ಹೊರಗಿನ ಇಂಟರ್ನೆಟ್’. ಹಾಗಾಗಿ ಕೋಡ್ ಹಾಕಿ ಒಳಗೆ ಬಂದ ಅತಿಥಿ ನಿಮ್ಮ ಡಿವಿಆರಿನ ಪುಟವನ್ನೂ ತೆರೆಯಬಹುದು. ಡಿವಿಆರಿಗೆ ಹಳೆಯ ಸುಲಭದ ಪಾಸ್‌ವರ್ಡೇ ಇದ್ದರೆ ಕ್ಯಾಮರಾ ಕೂಡ ಕಾಣುತ್ತದೆ. ಇದಕ್ಕೆ ಹೊಸ ರೌಟರಿನಲ್ಲೇ ತಡೆ ಹಾಕಿಸಬೇಕು. ಅತಿಥಿಗಳ ಕಡೆಯಿಂದ 192.168, 10, 172.16ರಿಂದ 172.31ರವರೆಗೆ ಶುರುವಾಗುವ ಒಳವಿಳಾಸಗಳಿಗೆ ದಾರಿ ಇರಬಾರದು. ಲಾಗಿನ್ ಪುಟಕ್ಕೆ ಬೇಕಾದಷ್ಟು ಮಾತ್ರ ಬಿಟ್ಟರೆ ಸಾಕು. ಒಬ್ಬ ಅತಿಥಿಯ ಫೋನಿಗೆ ಇನ್ನೊಬ್ಬರ ಫೋನ್ ಕಾಣದ ಹಾಗೆ ‘ಕ್ಲೈಂಟ್ ಐಸೋಲೇಷನ್’ ಕೂಡ ಆನ್ ಮಾಡಿಸಿ. ಕೆಲಸ ಮುಗಿದ ಮೇಲೆ ನಿಮ್ಮ ಫೋನಿನಲ್ಲಿ ಚೀಟಿ ಹಾಕಿ, ಡಿವಿಆರಿನ ವಿಳಾಸ ಟೈಪ್ ಮಾಡಿ ನೋಡಿ. ತೆರೆಯಿತೋ, ಕೆಲಸ ಮುಗಿದಿಲ್ಲ ಎಂದು ಲೆಕ್ಕ.

ಕೋಡ್‌ನಲ್ಲಿ ಅಂಕೆಗಳು ಮಾತ್ರ ಇರಲಿ, ಎಂಟು ಅಂಕೆ. ಅಕ್ಷರ ಸೇರಿಸಿದರೆ ಇದು ಓ ಅಕ್ಷರವಾ, ಸೊನ್ನೆಯಾ ಎಂದು ಕೇಳಲು ಅತಿಥಿ ಮೆಟ್ಟಿಲಿಳಿದು ಬರುತ್ತಾರೆ. ಲಾಗಿನ್ ಪುಟವನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಸಬಹುದು. ಒಂದು ಚೀಟಿಗೆ ಎರಡು ಸಾಧನ, ತಲಾ 5 ಎಂಬಿಪಿಎಸ್ ಮಿತಿ ಹಾಕಿದರೆ ವಿಡಿಯೋ ನೋಡಲು ಸಾಕು. ಅವಧಿ ಹಾಕುವಾಗ ಮಾತ್ರ ಜಾಗ್ರತೆ. ಕೆಲವು ಕಡೆ ‘24 ಗಂಟೆ’ ಎಂದರೆ ಮೊದಲ ಲಾಗಿನ್‌ನಿಂದ ಮರುದಿನದವರೆಗೆ. ಮೈಕ್ರೋಟಿಕ್‌ನ ಅಪ್‌ಟೈಮ್ ಮಿತಿ ಲಾಗಿನ್ ಆಗಿರುವ ಹೊತ್ತನ್ನು ಮಾತ್ರ ಎಣಿಸುತ್ತದೆ. ಅದರಲ್ಲಿ ಒಂದು ದಿನದ ಚೀಟಿ ವಾರ ಬಂದರೂ ಬರಬಹುದು.

ಕೆಲವರಿಗೆ ಲಾಗಿನ್ ಪುಟವೇ ಬರುವುದಿಲ್ಲ. ಹೆಚ್ಚಾಗಿ ಫೋನಿನಲ್ಲಿ ವಿಪಿಎನ್ ಅಥವಾ ಪ್ರೈವೇಟ್ ಡಿಎನ್‌ಎಸ್ ಆನ್ ಇರುತ್ತದೆ. ಆಫ್ ಮಾಡಿ ಮತ್ತೆ ಸೇರಲು ಹೇಳಿ.

ಇನ್ನು ಕಾನೂನು. 2008ರಲ್ಲಿ ಬೇರೆಯವರ ತೆರೆದ ವೈಫೈ ಬಳಸಿ ಬಾಂಬ್ ಸ್ಫೋಟದ ಇಮೇಲ್ ಕಳಿಸಿದ ಮೇಲೆ, 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಸಾರ್ವಜನಿಕ ವೈಫೈ ಬಳಸುವವರನ್ನು ಗುರುತಿನ ಚೀಟಿ ಅಥವಾ ಮೊಬೈಲ್ ನಂಬರಿನ ಮೂಲಕ ಗುರುತಿಸಬೇಕು ಎಂಬುದು ಅದರ ತಿರುಳು. ನಿಮ್ಮ ರಿಜಿಸ್ಟರಿನಲ್ಲಿ ಅತಿಥಿಯ ಗುರುತಿನ ವಿವರ ಹೇಗೂ ಇದೆ. ಅದರ ಪಕ್ಕದಲ್ಲೇ ಕೋಡ್ ಬರೆದಿಡಿ. ಯಾವ ಕೋಡ್‌ನಿಂದ ಯಾವಾಗ ಲಾಗಿನ್ ಆಯಿತು ಎಂಬ ದಾಖಲೆಯನ್ನು ಬೇಗ ಅಳಿಸಬೇಡಿ. ಕೆಳಗೆ ಚಾ ಕುಡಿಯಲು ಬಂದವರಿಗೆ ವೈಫೈ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಹತ್ತು ನಿಮಿಷಕ್ಕೆ ಹೆಸರು, ನಂಬರು ಬರೆಸಿಕೊಳ್ಳುವುದು ನಿಮಗೂ ಕಿರಿಕಿರಿ, ಅವರಿಗೂ ಕಿರಿಕಿರಿ.

ಚೀಟಿಗೆ ದುಡ್ಡು ತೆಗೆದುಕೊಳ್ಳುವ ಯೋಚನೆ ಇದ್ದರೆ ಮನೆ ಪ್ಲಾನ್‌ನಲ್ಲಿ ಹಾಗೆ ಮಾಡಬೇಡಿ. ಅದಕ್ಕೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆ ಇದೆ. ಅದರಲ್ಲಿ ಅಂಗಡಿಯವರಿಗೆ ಲೈಸೆನ್ಸ್ ಬೇಡ.

ಕೊನೆಗೆ, ಸೆಟ್ ಮಾಡಿದವರು ಹೊರಡುವ ಮುಂಚೆ ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬರೆಸಿಕೊಳ್ಳಿ. ಸೆಟ್ಟಿಂಗಿನ ಬ್ಯಾಕಪ್ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಸಿಡಿಲಿಗೆ ರೌಟರ್ ಸುಟ್ಟರೆ ಅದೇ ಮಾಡೆಲ್ ತಂದು ಆ ಫೈಲ್ ಹಾಕಿದರಾಯಿತು.