ಬಾಗಿಲಲ್ಲೇ ಕರೆದ ಹಾಲು, ಬಿಡದ ಜ್ವರ

ಮಾಲ್ಟಾ ದ್ವೀಪದಲ್ಲಿ ಹಿಂದೆ ಹಾಲು ಪಾತ್ರೆಯಲ್ಲಿ ಬರುತ್ತಿರಲಿಲ್ಲ, ಆಡೇ ನಡೆದುಕೊಂಡು ಬರುತ್ತಿತ್ತು. ಮಾರುವವನು ಮನೆ ಬಾಗಿಲಲ್ಲಿ ಅದನ್ನು ನಿಲ್ಲಿಸಿ, ಕೊಳ್ಳುವವರ ಕಣ್ಣೆದುರೇ ಕರೆದು ಕೊಡುತ್ತಿದ್ದ. ನೀರು ಬೆರೆಸಿಲ್ಲ, ನೊರೆ ಇನ್ನೂ ಬೆಚ್ಚಗಿದೆ. ಇನ್ನೇನು ಬೇಕು, ಅಲ್ವಾ?

ಅದೇ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಮಾಲ್ಟಾ ಜ್ವರ ಅನ್ನುವ ಒಂದು ಜ್ವರದಿಂದ ನರಳುತ್ತಿದ್ದರು. ಏರುತ್ತದೆ, ಇಳಿಯುತ್ತದೆ, ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಏರುತ್ತದೆ. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಕೀಲು ನೋವು. ಕೆಲವರಿಗೆ ತಿಂಗಳುಗಟ್ಟಲೆ ಇದೇ ಪಾಡು.

1887ರಲ್ಲಿ ಸೇನಾ ವೈದ್ಯ ಡೇವಿಡ್ ಬ್ರೂಸ್, ಈ ಜ್ವರದಿಂದ ಸತ್ತವರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಆ ರೋಗಾಣುವಿಗೆ ಬ್ರುಸೆಲ್ಲಾ ಅನ್ನುವ ಹೆಸರು ಬಂದಿದ್ದು ಅವರಿಂದಲೇ. ರೋಗಾಣು ಸಿಕ್ಕಿತು, ಆದರೆ ಅದು ಬರುವ ದಾರಿ ಸಿಗಲಿಲ್ಲ. ಮುಂದಿನ 18 ವರ್ಷ ಅನುಮಾನ ಎಲ್ಲೆಲ್ಲೋ ಸುತ್ತಿತು. ಆಡಿನ ಮೇಲೆ ಮಾತ್ರ ಬರಲಿಲ್ಲ. ಯಾಕೆ ಬರಬೇಕು? ಅದು ಮೇವು ಬಿಟ್ಟಿಲ್ಲ, ಸೊರಗಿಲ್ಲ, ಹಾಲಿನ ರುಚಿಯೂ ಕೆಟ್ಟಿಲ್ಲ.

1905ರಲ್ಲಿ ಮಾಲ್ಟಾದವರೇ ಆದ ವೈದ್ಯ ಥೆಮಿಸ್ಟೊಕ್ಲೀಸ್ ಝಮ್ಮಿಟ್ ಆಡಿನ ರಕ್ತ ಪರೀಕ್ಷಿಸಿದರು. ರೋಗಾಣು ಅಲ್ಲೇ ಕೂತಿತ್ತು. ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳ ಹಾಲಿನಲ್ಲೂ ಅದು ಸಿಕ್ಕಿತು. ಅದೇ ವರ್ಷ ಮಾಲ್ಟಾದಿಂದ ಅಮೆರಿಕಕ್ಕೆ ಆಡುಗಳನ್ನು ಸಾಗಿಸುತ್ತಿದ್ದ ಹಡಗಿನಲ್ಲಿ, ಅವುಗಳ ಹಾಲು ಕುಡಿದ ನಾವಿಕರೂ ಜ್ವರ ಬಂದು ಮಲಗಿದರು. 1906ರಲ್ಲಿ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದರು. ಸೇನೆಯಲ್ಲಿ ಜ್ವರ ಸರ್ರನೆ ಇಳಿಯಿತು. ಊರಿನ ಜನ ಮಾತ್ರ ಬಾಗಿಲ ಹಾಲನ್ನು ಬಿಡಲಿಲ್ಲ. ಅಲ್ಲಿ ಹಾಲಿನ ಪಾಶ್ಚೀಕರಣ, ಅಂದರೆ ಹಾಲನ್ನು ಕಾಯಿಸಿ ರೋಗಾಣು ಕೊಲ್ಲುವ ಕ್ರಮ, ಶುರುವಾಗಿದ್ದು 1938ರಲ್ಲಿ.

ಹಸುಗಳ ಕಥೆ ಬೇರೆಯೇ ನಡೆದಿತ್ತು. ಗಬ್ಬದ ಹಸುಗಳು ಕಂದು ಹಾಕಲು ಕಾರಣವಾದ ರೋಗಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲೇ ಗುರುತಿಸಿದ್ದರು. ಕಂದು ರೋಗ ಅನ್ನುವುದು ಇದನ್ನೇ. ಆದರೆ ಅದಕ್ಕೂ ಮಾಲ್ಟಾ ಜ್ವರಕ್ಕೂ ನಂಟಿದೆ ಅಂತ ಯಾರಿಗೂ ಹೊಳೆಯಲಿಲ್ಲ. ಎರಡೂ ಒಂದೇ ಬಳಗ ಎಂದು ತೋರಿಸಿದ್ದು ಅಮೆರಿಕದ ಆಲಿಸ್ ಇವಾನ್ಸ್. ಹಸಿ ಹಾಲು ಅಪಾಯ, ಕಾಯಿಸಿಯೇ ಕುಡಿಯಬೇಕು ಎಂದು 1918ರ ಹೊತ್ತಿಗೇ ಹೇಳತೊಡಗಿದರು. ವಿಜ್ಞಾನಿಗಳೂ ಹಾಲಿನ ವ್ಯಾಪಾರಿಗಳೂ ಒಪ್ಪಲಿಲ್ಲ. ಡಾಕ್ಟರೇಟ್ ಇಲ್ಲದ ಹೆಂಗಸಿನ ಮಾತು ಎಂಬ ತಾತ್ಸಾರವೂ ಅದರಲ್ಲಿತ್ತು.

1922ರಲ್ಲಿ ಪ್ರಯೋಗಾಲಯದಲ್ಲೇ ಆಕೆಗೆ ಸೋಂಕು ತಗುಲಿತು. ಜ್ವರ ಬರುತ್ತಿತ್ತು, ಹೋಗುತ್ತಿತ್ತು. ನಡುವೆ ನೋಡಿದವರಿಗೆ ಚೆನ್ನಾಗಿಯೇ ಕಾಣುತ್ತಿದ್ದರು. ವೈದ್ಯರು ನರದ ದೌರ್ಬಲ್ಯ ಎಂದರು, ಎಲ್ಲ ಸುಮ್ನೆ ಮನಸ್ಸಿನ ಕಲ್ಪನೆ ಎಂಬಂತೆ ನೋಡಿದರು. ವರ್ಷಗಳ ಮೇಲೆ ಆಕೆಯ ದೇಹದಲ್ಲೇ ಆ ರೋಗಾಣು ಸಿಕ್ಕಿತು.